ಬರುವುದು ಹಣವೋ, ನಾವೋ?

ಕೇಳುಗರಿಗೆ ನಮಸ್ಕಾರ.

ಅಜ್ಜಿ ತೀರಿಕೊಂಡ ಮೇಲೆ ಮೊಮ್ಮಗಳಿಗೆ ಒಂದಿಷ್ಟು ಹಣ ಬಂತು. ಕನ್ನಡದಲ್ಲಿ ಹೀಗೆ ಹೇಳುತ್ತೇವೆ, ಅಲ್ವಾ? ಹಣ ಬಂತು, ಪಾಲು ಬಂತು, ಆಸ್ತಿ ಬಂತು. ಬರುವುದು ಹಣ, ಮೊಮ್ಮಗಳು ಇದ್ದಲ್ಲೇ ಇರುತ್ತಾಳೆ.

ಇಂಗ್ಲಿಷಿನಲ್ಲಿ ಇದಕ್ಕೆ 'ಕಮ್ ಇನ್‌ಟು' ಅನ್ನುವ ಫ್ರೇಸಲ್ ವರ್ಬ್ ಇದೆ, ಅಂದರೆ ಕ್ರಿಯಾಪದಕ್ಕೆ ಸಣ್ಣ ಪದವೊಂದು ಸೇರಿ ಬೇರೆಯೇ ಅರ್ಥ ಕೊಡುವ ಜೋಡಿ. ಅಲ್ಲೂ 'ಬರು' ಇದೆ. ಆದರೆ ಬರುವವಳು ಮೊಮ್ಮಗಳು! 'ಶೀ ಕೇಮ್ ಇನ್‌ಟು ಸಮ್ ಮನಿ ವೆನ್ ಹರ್ ಗ್ರ್ಯಾಂಡ್‌ಮದರ್ ಡೈಡ್.' ಕನ್ನಡದಲ್ಲಿ ಯೋಚಿಸಿ ಮಾತಾಡುವವರ ಬಾಯಲ್ಲಿ ಇದು ಸುಲಭವಾಗಿ ತಲೆಕೆಳಗಾಗುತ್ತದೆ. 'ಮನಿ ಕೇಮ್ ಇನ್‌ಟು ಹರ್' ಅಂದುಬಿಡುತ್ತೇವೆ. ಅದು ತಪ್ಪು. ಪಡೆದವರ ಹೆಸರು ಮೊದಲು, ಸಿಕ್ಕಿದ್ದು ಆಮೇಲೆ. ಇಷ್ಟು ಗಟ್ಟಿ ಮಾಡಿಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ.

ಈ ಎರಡು ಪದಗಳನ್ನು ಒಡೆದು ನಡುವೆ ಹಣವನ್ನು ತೂರಿಸುವಂತಿಲ್ಲ. ದುಡಿದ ಸಂಬಳಕ್ಕೂ ಇದು ಹೊಂದುವುದಿಲ್ಲ. ಯಾರೋ ಬಿಟ್ಟುಹೋದದ್ದು, ಇಲ್ಲವೇ ಅಚಾನಕ್ಕಾಗಿ ಕೈಸೇರಿದ್ದು, ಅದಕ್ಕೆ ಮಾತ್ರ. ಮನೆಯ ವಿಷಯದಲ್ಲಿ ಸ್ವಲ್ಪ ಹುಷಾರು. 'ಶೀ ಕೇಮ್ ಇನ್‌ಟು ದ ಹೌಸ್' ಅಂದರೆ ಕೇಳಿದವರು ಅವಳು ಒಳಗೆ ಬಂದಳು ಅಂತಲೇ ತಿಳಿಯುತ್ತಾರೆ. ಅಲ್ಲಿ ಸುಮ್ನೆ 'ಇನ್‌ಹೆರಿಟೆಡ್' ಅನ್ನುವುದೇ ಒಳ್ಳೆಯದು.

ಇನ್ನೊಂದು 'ಹ್ಯಾಂಡ್ ಡೌನ್'. ನನಗೆ ಇದು ಹೆಚ್ಚು ಇಷ್ಟ, ಯಾಕೆಂದರೆ ಇದರಲ್ಲಿ ಕೊಡುವ ಕೈ ಕಾಣುತ್ತದೆ. 'ದಿಸ್ ರಿಂಗ್ ವಾಸ್ ಹ್ಯಾಂಡೆಡ್ ಡೌನ್ ಟು ಮೀ.' ಈ ಉಂಗುರ ಹಿರಿಯರಿಂದ ನನಗೆ ಬಂದದ್ದು. ಯಾರೂ ಸಾಯಬೇಕಾಗಿಲ್ಲ, ಬದುಕಿರುವಾಗಲೇ ಕೊಟ್ಟರೂ ಸರಿ. ಇದನ್ನು ಒಡೆಯಲೂಬಹುದು: 'ಹ್ಯಾಂಡ್ ಇಟ್ ಡೌನ್'. ಕಥೆ, ಹಾಡು, ಕಸುಬು, ಎಲ್ಲವೂ ಹೀಗೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತವೆ. ಅಕ್ಕನಿಂದ ತಂಗಿಗೆ ಬರುವ ಹಳೆಯ ಬಟ್ಟೆಗೂ ಇದರಿಂದಲೇ 'ಹ್ಯಾಂಡ್-ಮೀ-ಡೌನ್' ಅನ್ನುವ ಹೆಸರು. ನ್ಯಾಯಾಧೀಶರು ತೀರ್ಪು ಕೊಡುವುದಕ್ಕೂ ಇದೇ ಪದ ಬಳಕೆಯಲ್ಲಿದೆ, ಅದು ಬೇರೆ ಅರ್ಥ.

ಅಜ್ಜಿಯ ಮೂಗು, ಅಜ್ಜಿಯ ಸಿಟ್ಟು ಬಂದಿದ್ದರೆ? ಅವಕ್ಕೆ 'ಕಮ್ ಇನ್‌ಟು' ಸಲ್ಲದು. 'ಶೀ ಟೇಕ್ಸ್ ಆಫ್ಟರ್ ಹರ್ ಗ್ರ್ಯಾಂಡ್‌ಮದರ್' ಅನ್ನಿ. ಅಜ್ಜಿಯನ್ನೇ ಹೋಲುತ್ತಾಳೆ ಅಂತ ಅರ್ಥ. ಇಲ್ಲೂ ವಾಕ್ಯ ಶುರುವಾಗುವುದು ಮೊಮ್ಮಗಳಿಂದಲೇ.