ಎಂಡಿಎಫ್ ಶೆಲ್ಫಿಗೆ ಕೈಯಿಂದಲೇ ನುಣುಪಾದ ಬಣ್ಣ, ಅದೂ ಬಳ್ಳಾರಿಯ ಬಿಸಿಲಿನಲ್ಲಿ

[ದೃಶ್ಯ: ಬಣ್ಣ ಕಾಣದ ಪುಸ್ತಕದ ಶೆಲ್ಫ್. ಕ್ಯಾಮೆರಾ ಹಲಗೆಯ ಅಂಚಿನ ಹತ್ತಿರಕ್ಕೆ ಹೋಗುತ್ತದೆ.]

ಈ ಹಲಗೆಯ ಮುಖ ನೋಡಿ, ಆಮೇಲೆ ಕೊಯ್ದ ಅಂಚು ನೋಡಿ. ಮುಖ ನುಣುಪಾಗಿದೆ, ಅಂಚಿನಲ್ಲಿ ನಾರು ಎದ್ದಿದೆ. ಮರದ ನಾರಿಗೆ ಅಂಟು ಬೆರೆಸಿ, ಬಿಸಿ ಕೊಟ್ಟು ಒತ್ತಿದರೆ ಎಂಡಿಎಫ್ ಆಗುತ್ತದೆ. ಒತ್ತುವಾಗ ಎರಡೂ ಮುಖಗಳು ಬಿಗಿಯಾಗುತ್ತವೆ, ನಡುಭಾಗ ಅಷ್ಟು ಬಿಗಿಯಾಗುವುದಿಲ್ಲ. ಕೊಯ್ದಾಗ ಹೊರಬೀಳುವುದು ಆ ನಡುಭಾಗವೇ. ಎಷ್ಟು ಬಳಿದರೂ ಅದು ಕುಡಿಯುತ್ತಲೇ ಇರುತ್ತದೆ. ಅಂಗಡಿಯವರು ಇದಕ್ಕೆ ದುಬಾರಿ ಬಣ್ಣದ ಡಬ್ಬ ತೋರಿಸುತ್ತಾರೆ. ಬೇಡ. ಖರ್ಚು ಮಾಡಬೇಕಾದದ್ದು ಹಣವನ್ನಲ್ಲ, ಅಂಚಿನ ಮೇಲೆ ಒಂದಿಷ್ಟು ಹೊತ್ತನ್ನು.

[ದೃಶ್ಯ: ಮಾಸ್ಕ್ ಧರಿಸಿ ಅಂಚನ್ನು ಉಜ್ಜುವುದು]

ಮಾಸ್ಕ್ ಎನ್‌95 ಇರಲಿ, ಕರವಸ್ತ್ರ ಸಾಲದು. ಈ ಧೂಳು ತೀರಾ ಸಣ್ಣ, ಅದರಲ್ಲಿ ಫಾರ್ಮಾಲ್ಡಿಹೈಡ್‌ನಿಂದ ಮಾಡಿದ ಅಂಟೂ ಸೇರಿರುತ್ತದೆ. 180 ನಂಬರಿನ ಉಪ್ಪುಕಾಗದವನ್ನು ಮರದ ತುಂಡಿಗೆ ಸುತ್ತಿ ಉಜ್ಜಿ, ನಂತರ 220. ಚೂಪಾದ ಏಣನ್ನು ಕೂದಲೆಳೆಯಷ್ಟು ಮೊಂಡು ಮಾಡಿ, ಇಲ್ಲದಿದ್ದರೆ ಬಣ್ಣ ಅಲ್ಲಿ ನಿಲ್ಲದೆ ಎರಡೂ ಬದಿಗೆ ಸರಿಯುತ್ತದೆ.

ಈಗ ಪುಟ್ಟಿ. ಗೋಡೆಗೆ ತಂದ ಪುಟ್ಟಿ ಮನೆಯಲ್ಲಿ ಉಳಿದಿದೆಯೇ? ಉಳಿದೇ ಇರಲಿ. ಅದು ಹಲಗೆಯ ಅಂಚಿನಿಂದ ಚಕ್ಕೆಯೇಳುತ್ತದೆ. ವುಡ್ ಪುಟ್ಟಿ ತನ್ನಿ. ಕೆಲವರು ಬಿಳಿ ಅಂಟಿಗೆ ನೀರು ಬೆರೆಸಿ ಬಳಿಯುತ್ತಾರೆ. ಕೆಲಸವೇನೋ ನಡೆಯುತ್ತದೆ, ಆದರೆ ಉಜ್ಜುವ ಬಿಸಿಗೆ ಅಂಟು ಮೆದುವಾಗಿ ಉಪ್ಪುಕಾಗದವನ್ನೇ ಹಾಳು ಮಾಡುತ್ತದೆ.

[ದೃಶ್ಯ: ಬೆರಳು ಮತ್ತು ಅಂಚು, ತೀರಾ ಹತ್ತಿರದಿಂದ]

ಬೆರಳ ತುದಿಯಲ್ಲಿ ತುಸುವೇ ತೆಗೆದುಕೊಂಡು ಅಂಚಿನೊಳಗೆ ಒತ್ತಿ ಸವರಿ. ಮೇಲೆ ಪದರ ನಿಲ್ಲಬೇಕಿಲ್ಲ, ಸಣ್ಣ ರಂಧ್ರಗಳು ಮುಚ್ಚಿದರೆ ಸಾಕು. ಒಣಗಿದ ಮೇಲೆ 320ರಲ್ಲಿ ಉಜ್ಜಿ, ಕಣ್ಣು ಮುಚ್ಚಿ ಬೆರಳಾಡಿಸಿ. ಮುಖಕ್ಕೂ ಅಂಚಿಗೂ ವ್ಯತ್ಯಾಸ ತಿಳಿಯಿತೇ? ಇನ್ನೊಮ್ಮೆ ಸವರಿ.

ಇನ್ನು ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ತಳದ ಲೇಪ. ಅದು ಎಣ್ಣೆಯದ್ದೇ ಇರಲಿ. ನೀರಿನ ಪ್ರೈಮರ್ ನಾರನ್ನು ಮತ್ತೆ ಎಬ್ಬಿಸುತ್ತದೆ. ಮುಖಕ್ಕೆ ಒಂದು ಕೈ, ಅಂಚಿಗೆ ಎರಡು. ಗೋಡೆಗೆ ಒರಗುವ ಹಿಂಬದಿಯನ್ನೂ ಬಿಡಬೇಡಿ. ಒಂದೇ ಮುಖಕ್ಕೆ ಬಳಿದ ತೆಳು ಹಲಗೆ ತೇವವನ್ನು ಒಂದೇ ಕಡೆಯಿಂದ ಹೀರಿ ಬಾಗಬಹುದು. ಶೆಲ್ಫಿನ ತಳಕ್ಕಂತೂ ಧಾರಾಳವಾಗಿ ಬಳಿಯಿರಿ. ನೆಲ ಒರೆಸುವ ನೀರು ಮೊದಲು ತಾಗುವುದು ಅಲ್ಲಿಗೇ, ಒಮ್ಮೆ ಉಬ್ಬಿದ ಎಂಡಿಎಫ್ ಮತ್ತೆ ಇಳಿಯುವುದಿಲ್ಲ.

[ದೃಶ್ಯ: ಮುಂಜಾನೆ, ಕಿಟಕಿ ಪಕ್ಕದ ಕೋಣೆ]

ಬಳ್ಳಾರಿಯಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಮಾಳಿಗೆಯ ಬಿಸಿಲಿನಲ್ಲಿ ಬಳಿದರೆ ಬಣ್ಣ ಹರಡಿ ಸಮವಾಗುವ ಮೊದಲೇ ಒಣಗುತ್ತದೆ, ಬ್ರಷ್ಷಿನ ಗೆರೆಗಳು ಹಾಗೆಯೇ ಉಳಿಯುತ್ತವೆ. ಅದಿರಿನ ಲಾರಿ ಓಡಾಡುವ ರಸ್ತೆಯ ಪಕ್ಕ ಮನೆಯಿದ್ದರೆ ಬಿಳಿ ಬಣ್ಣದ ಮೇಲೆ ಕೆಂಪು ಧೂಳು ಉಚಿತ. ಬೆಳಗ್ಗೆ ಬೇಗ, ಕೋಣೆಯೊಳಗೆ ಬಳಿಯಿರಿ. ನೆಲಕ್ಕೆ ನೀರು ಚಿಮುಕಿಸಿ, ಧೂಳು ಏಳುವುದಿಲ್ಲ. ಫ್ಯಾನ್ ಹಾಕಬೇಡಿ. ಕಿಟಕಿ ತುಸು ತೆರೆದಿರಲಿ, ಎಣ್ಣೆ ಪ್ರೈಮರಿನ ವಾಸನೆ ಹೊರಹೋಗಬೇಕು.

[ದೃಶ್ಯ: ನಾಲ್ಕು ಇಂಚಿನ ಫೋಮ್ ರೋಲರ್]

ಮೇಲಿನ ಬಣ್ಣಕ್ಕೆ ನೀರಿನ ಎನಾಮಲ್ ಸಾಕು. ಬಿಳಿ ಎಣ್ಣೆ ಎನಾಮಲ್ ಕಾಲ ಕಳೆದಂತೆ ಹಳದಿಗೆ ತಿರುಗುತ್ತದೆ. ಡಬ್ಬದ ಮೇಲೆ ಹೇಳಿದಷ್ಟೇ ನೀರು ಬೆರೆಸಿ, ರೋಲರ್ ಒತ್ತದೆ ತೆಳ್ಳಗೆ ಓಡಿಸಿ. ಒತ್ತಿದರೆ ಗುಳ್ಳೆ ಏಳುತ್ತದೆ, ಮೇಲ್ಮೈ ಕಿತ್ತಳೆ ಸಿಪ್ಪೆಯಂತಾಗುತ್ತದೆ. ಹಸಿಯಿರುವಾಗಲೇ ಒಳ್ಳೆಯ ಬ್ರಷ್ಷಿನ ತುದಿಯನ್ನು ಈ ತುದಿಯಿಂದ ಆ ತುದಿಗೆ ಒಂದೇ ಎಳೆತದಲ್ಲಿ ಎಳೆಯಿರಿ. ಎಲ್ಲೋ ತಪ್ಪಿತೆಂದು ಅರ್ಧ ಒಣಗಿದ ಜಾಗವನ್ನು ಮತ್ತೆ ಮುಟ್ಟಬೇಡಿ, ಕೈ ಎಷ್ಟೇ ತುರಿಸಿದರೂ. ಪೂರ್ತಿ ಒಣಗಲಿ, 320ರಲ್ಲಿ ಹಗುರವಾಗಿ ಉಜ್ಜಿ, ಧೂಳು ಒರೆಸಿ, ಎರಡನೆಯ ಕೈ ಬಳಿಯಿರಿ.

ಮುಟ್ಟಿದರೆ ಅಂಟದಿರುವುದು ಬೇರೆ, ಗಟ್ಟಿಯಾಗುವುದು ಬೇರೆ. ಬಣ್ಣ ಸಂಜೆಗೇ ಒಣಗಿದಂತೆ ಕಂಡರೂ ಪುಸ್ತಕ ಜೋಡಿಸಲು ಒಂದು ವಾರವಾದರೂ ತಡೆಯಿರಿ, ಇಲ್ಲದಿದ್ದರೆ ರಟ್ಟು ಬಣ್ಣಕ್ಕೆ ಅಂಟುತ್ತದೆ. ಅನುಮಾನವಿದ್ದರೆ ಹಿಂಬದಿಯ ಮೂಲೆಯಲ್ಲಿ ಉಗುರು ಒತ್ತಿ ನೋಡಿ. ಗುರುತು ಬಿದ್ದರೆ ಇನ್ನೂ ಕೆಲವು ದಿನ ಬಿಡಿ.