ಕೆರೆಯ ಬಸವನಹುಳು ಕಲಿಸಿದ ಪಾಠ

ಎಲ್ಲರಿಗೂ ನಮಸ್ಕಾರ. ನರಕೋಶ ಅಂದರೆ ವಿದ್ಯುತ್ ಮಿಡಿತದಲ್ಲಿ ಸುದ್ದಿ ಸಾಗಿಸುವ ಜೀವಕೋಶ, ಟ್ರಾನ್ಸಿಸ್ಟರ್ ಅಂದರೆ ಚಿಪ್‌ನೊಳಗಿನ ಪುಟ್ಟ ವಿದ್ಯುತ್ ಸ್ವಿಚ್. ನನಗೆ ಹೇಳಬೇಕಾಗಿರುವುದು ಒಂದೇ ಮಾತು. ನರಕೋಶದ ಮಾತು ಕೇಳುವ ಚಿಪ್ ಚಿಕ್ಕದಾದಷ್ಟೂ ಮಿದುಳಿನ ಸರ್ಕ್ಯೂಟ್, ಅಂದರೆ ನರಕೋಶಗಳ ಜಾಲ, ಅರ್ಥವಾಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಚಿಕ್ಕದಾದರೆ ಸಾಲದು, ಕೋಶದ ಸ್ವಭಾವವೂ ಗೊತ್ತಿರಬೇಕು.

1991ರಲ್ಲಿ ಜರ್ಮನಿಯ ವಿಜ್ಞಾನಿ ಪೀಟರ್ ಫ್ರೊಮ್‌ಹೆರ್ಟ್ಸ್ ಮತ್ತು ಸಂಗಡಿಗರು ಜಿಗಣೆಯ ಒಂದು ನರಕೋಶವನ್ನು ತೆಗೆದು ಟ್ರಾನ್ಸಿಸ್ಟರ್ ಮೇಲೆ ಕೂರಿಸಿದರು. ಸ್ವಿಚ್ಚನ್ನು ನಡೆಸುವ ಲೋಹದ ಗೇಟ್ ಇರಬೇಕಾದ ಜಾಗದಲ್ಲಿ ಜೀವಂತ ಕೋಶ! ಕೋಶದಲ್ಲಿ ಓಡಾಡುವುದು ಉಪ್ಪುನೀರಿನ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು, ಸಿಲಿಕಾನ್‌ನಲ್ಲಿ ಎಲೆಕ್ಟ್ರಾನುಗಳು, ನಡುವೆ ಎರಡನ್ನೂ ಬೇರೆ ಇಡುವ ತೆಳ್ಳನೆಯ ಆಕ್ಸೈಡ್ ಪದರ. ಇವರು ಅವರ ಮನೆಗೆ ಹೋಗುವ ಹಾಗಿಲ್ಲ, ಆದರೂ ಗೋಡೆಯಾಚೆಯ ಸದ್ದು, ಅಂದರೆ ಕೋಶದ ವಿದ್ಯುತ್ ಮಿಡಿತ, ಈಚೆಗೆ ಕೇಳಿಸಿತು.

ಒಂದು ಕೋಶ ಆಯ್ತು, ಆದರೆ ಸರ್ಕ್ಯೂಟ್ ಅಂದಮೇಲೆ ಎರಡಾದರೂ ಬೇಕಲ್ವಾ? ಆಗ ಕೆರೆಯ ಬಸವನಹುಳು ಬಂತು. ಅದರ ನರಕೋಶಗಳು ದೊಡ್ಡವು, ಕೈಗೆ ಸಿಗುತ್ತವೆ. ತೊಂದರೆ ಏನಂದರೆ, ಕೋಶ ಸುಮ್ನೆ ಕೂರುವುದಿಲ್ಲ. ಪಕ್ಕದ ಕೋಶದ ಕಡೆಗೆ ಕವಲು ಚಾಚುತ್ತದೆ, ಆ ಕವಲು ಜಗ್ಗುತ್ತದೆ, ಮೈ ಮೆಲ್ಲಗೆ ಟ್ರಾನ್ಸಿಸ್ಟರ್ ಬಿಟ್ಟು ಜಾರುತ್ತದೆ. ಅಷ್ಟು ಕಷ್ಟಪಟ್ಟು ಕೂರಿಸಿದ್ದು ಅಷ್ಟೇ ಹೋಯ್ತು. ಇದಕ್ಕೆ ಚಿಪ್ ಇನ್ನೂ ಚಿಕ್ಕದು ಮಾಡಿ ಏನು ಪ್ರಯೋಜನ ಹೇಳಿ?

ಫ್ರೊಮ್‌ಹೆರ್ಟ್ಸ್ ತಂಡದವರು ಏನು ಮಾಡಿದರು ಗೊತ್ತಾ? ಬೇಲಿ ಹಾಕಿದರು. ಒಂದೊಂದು ಕೋಶದ ಸುತ್ತ ಪಾಲಿಇಮೈಡ್ ಪ್ಲಾಸ್ಟಿಕ್‌ನ ಪುಟಾಣಿ ಗೂಟಗಳು. ಸಂದಿಯಲ್ಲಿ ಕವಲು ಆಚೆ ಹೋಗಬಹುದು, ಮೈ ಹೋಗುವ ಹಾಗಿಲ್ಲ. ಹಟ್ಟಿಯ ಕರು ಗಳುಗಳ ನಡುವೆ ಮೂತಿ ಚಾಚಿ ಪಕ್ಕದ ಕರುವನ್ನು ನೆಕ್ಕುವುದನ್ನು ನೋಡಿದ್ದೀರಲ್ಲ, ಹಾಗೆ. 2001ರಲ್ಲಿ ಜರ್ಮನಿಯ ಮಾರ್ಟಿನ್ಸ್‌ರೀಡ್‌ನಲ್ಲಿದ್ದ ಅವರ ಪ್ರಯೋಗಾಲಯದಿಂದ ಫಲಿತಾಂಶ ಬಂತು: ಚಿಪ್ ಒಂದು ಕೋಶವನ್ನು ಕೆಣಕಿತು, ಅದು ಸಿನಾಪ್ಸ್ ಮೂಲಕ, ಅಂದರೆ ಎರಡು ಕೋಶ ಕೂಡುವ ಜಾಗದ ಮೂಲಕ, ಇನ್ನೊಂದಕ್ಕೆ ಹೇಳಿತು, ಆ ಎರಡನೆಯದರ ಉತ್ತರ ಮತ್ತೆ ಚಿಪ್‌ಗೇ ಬಂತು. ನನಗೆ ಈ ಬೇಲಿ ನೆನೆದರೆ ಈಗಲೂ ಖುಷಿಯಾಗುತ್ತದೆ. ಕೋಶ ಬೆಳೆಯುವುದನ್ನು ತಡೆಯಲಿಲ್ಲ, ಬೆಳೆಯಲು ಬಿಟ್ಟೇ ಹಿಡಿದುಕೊಂಡರು.

ಐದೇ ನಿಮಿಷ ಅಂತ ಚೀಟಿ ಬಂದಿದೆ, ಬೇಗ ಹೇಳುತ್ತೇನೆ. ಮಿದುಳಿಗೇ ಚುಚ್ಚಿ ನರಕೋಶಗಳ ಮಾತು ಕೇಳುವ ಸಿಲಿಕಾನ್ ಚಿಪ್ ಒಂದಿದೆ, 2017ರ ನ್ಯೂರೋಪಿಕ್ಸೆಲ್ಸ್ ಸೂಜಿ: 70 ಮೈಕ್ರೋಮೀಟರ್ ಅಗಲ, ಒಂದು ಸೆಂಟಿಮೀಟರ್ ಉದ್ದ. ಅದರಲ್ಲಿ ಕಿವಿಗಳಂಥ 960 ಎಲೆಕ್ಟ್ರೋಡುಗಳು, ಒಮ್ಮೆಗೆ 384 ಕೇಳುತ್ತವೆ. ದೊಡ್ಡ ಕೆಲಸ, ಸಂಶಯವೇ ಇಲ್ಲ. ಆದರೆ ಸಿಲಿಕಾನ್ ಗಟ್ಟಿ, ಮಿದುಳು ಮೊಸರಿನ ಹಾಗೆ ಮೆತ್ತಗೆ. ಉಸಿರಾಡಿದಾಗಲೆಲ್ಲ ಅಲುಗುತ್ತದೆ, ಸೂಜಿ ಉಜ್ಜುತ್ತದೆ, ಸುತ್ತ ಗಾಯದ ಕಲೆ ಕಟ್ಟುತ್ತದೆ. ಮತ್ತೆ ಅದೇ ಮಾತು, ಸ್ವಭಾವ.

ಅದಕ್ಕೇ ಹಾರ್ವರ್ಡ್ ತಂಡ ಬಲೆಯಂಥ ಮೆತ್ತನೆಯ ಎಲೆಕ್ಟ್ರಾನಿಕ್ಸ್ ಮಾಡಿತು. ಸಿರಿಂಜ್‌ನಲ್ಲಿ ಚುಚ್ಚಿದರೆ ಒಳಗೆ ಬಿಚ್ಚಿಕೊಳ್ಳುತ್ತದೆ. ಇಲಿಯ ಮಿದುಳಲ್ಲಿ ಒಂದೇ ನರಕೋಶದ ಮಾತನ್ನು ಎಂಟು ತಿಂಗಳು ಕೇಳಿದ್ದಾರೆ. ಇಲಿಯ ಆಯಸ್ಸೇ ಎರಡು ವರ್ಷದ ಆಸುಪಾಸು. ಅಂದರೆ ಬದುಕಿನ ಮೂರನೇ ಒಂದು ಪಾಲು, ಒಂದೇ ಕೋಶದ ಜೊತೆ.