ಬಾಕಿಮಾರಿನ ನೀರು ಎಲ್ಲಿಗೆ ಹೋಯಿತು?

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನ ನಮ್ಮ ಮನೆಯ ಕೆಳಗೆ ಮೂರು ಗದ್ದೆಗಳಿದ್ದವು. ಬಾಕಿಮಾರು, ಪಳ್ಳದ ಗದ್ದೆ, ಮತ್ತೆ ಹುಣಿಯ, ಅಂದರೆ ಗದ್ದೆಯ ಬದುವಿನ, ಪಕ್ಕದಲ್ಲಿ ಒಂದು ಸಣ್ಣ ತುಂಡು. ಆ ತುಂಡಿಗೆ ಅಜ್ಜಿ ನೇಜಿ ಗದ್ದೆ ಅನ್ನುತ್ತಿದ್ದರು. ಈಗ ಅಲ್ಲಿ ಅಡಿಕೆ ತೋಟ ಇದೆ. ಕಂಗಿನ ಸಸಿ ನೆಟ್ಟದ್ದು ನನ್ನ ಅಪ್ಪ. ಸಸಿ ಹೊತ್ತುಕೊಂಡು ಹೋದವರಲ್ಲಿ ನಾನೂ ಒಬ್ಬ.

ದೇಶದ ಕೃಷಿಭೂಮಿ ಹೇಗೆ ಬದಲಾಯಿತು ಎಂದು ಮಾತಾಡಲು ನೀವು ನನ್ನನ್ನು ಕರೆದಿದ್ದೀರಿ. ದೇಶದ ಲೆಕ್ಕ ಹೇಳುತ್ತೇನೆ. ಆದರೆ ನನಗೆ ಆ ಲೆಕ್ಕ ಅರ್ಥವಾದದ್ದು ಬಾಕಿಮಾರಿನಿಂದ. ಹಾಗಾಗಿ ಮತ್ತೆ ಮತ್ತೆ ಅಲ್ಲಿಗೇ ಬರುತ್ತೇನೆ.

ಭಾರತದ ಒಟ್ಟು ನೆಲ ಸುಮಾರು 32.87 ಕೋಟಿ ಹೆಕ್ಟೇರ್. ಸರ್ಕಾರ ಇದನ್ನು ಒಂಬತ್ತು ಕಾಲಂಗಳಲ್ಲಿ ಬರೆಯುತ್ತದೆ. ಕಾಡು, ಬರಡು, ಹುಲ್ಲುಗಾವಲು, ಹಡಿಲು, ಕಟ್ಟಡ ಮತ್ತು ರಸ್ತೆ, ಹೀಗೆ. ಬಿತ್ತನೆಯಾದ ನೆಲಕ್ಕೆ ಒಂದು ಕಾಲಂ. 1950-51ರಲ್ಲಿ ಅದರಲ್ಲಿ ಸುಮಾರು 11.9 ಕೋಟಿ ಹೆಕ್ಟೇರ್ ಇತ್ತು. ಮುಂದಿನ 20 ವರ್ಷಗಳಲ್ಲಿ ಅದು 14 ಕೋಟಿಯ ಹತ್ತಿರ ಬಂತು. ಆಮೇಲೆ ಅಲ್ಲೇ ನಿಂತಿದೆ. ಐವತ್ತು ವರ್ಷದಲ್ಲಿ ಏನೂ ಆಗಿಲ್ಲವೋ ಎಂಬಂತೆ ಕಾಣುತ್ತದೆ, ಅಲ್ವಾ?

ಒಳಗೆ ಮಾತ್ರ ಎಲ್ಲವೂ ಅದಲುಬದಲಾಗಿದೆ. ನೀರಾವರಿ ಬಂದಲ್ಲಿ ಒಂದು ಬೆಳೆಯ ಜಾಗದಲ್ಲಿ ಎರಡು ಬೆಳೆ ಬಂತು. 1950-51ರಲ್ಲಿ ದೇಶದಲ್ಲಿ ಒಂದೂವರೆ ಕೋಟಿ ಹೆಕ್ಟೇರಿನಷ್ಟು ಜೋಳ ಇತ್ತು. ಈಗ ಅದು 50 ಲಕ್ಷಕ್ಕಿಂತ ಕಡಿಮೆ. 1970ರ ಹೊತ್ತಿಗೆ ಸೋಯಾಬೀನ್ ಹೆಸರು ಕೇಳಿದವರೇ ಕಡಿಮೆ. ಇವತ್ತು ಅದು ಒಂದು ಕೋಟಿ ಹೆಕ್ಟೇರ್ ಮೀರಿದೆ. ಕಾಲಂ ಒಂದೇ. ಅದರೊಳಗಿನ ಬೆಳೆ, ಊಟ, ನೀರು ಎಲ್ಲ ಬೇರೆ.

ನಮ್ಮ ಬಾಕಿಮಾರು ಕೂಡ ಅದೇ ಕಾಲಂನಲ್ಲಿದೆ. ಭತ್ತ ಇದ್ದಾಗಲೂ ಅಲ್ಲೇ, ಅಡಿಕೆ ಬಂದ ಮೇಲೂ ಅಲ್ಲೇ.

ನಮ್ಮ ಹಿರಿಯರ ಕಾಲಂಗಳು ಬೇರೆ ಥರ ಇದ್ದವು. ತಗ್ಗಿನ ಬೈಲು, ನಡುವಿನ ಮಜಲು, ಎತ್ತರದ ಬೆಟ್ಟು. ಬೈಲಿನಲ್ಲಿ ಏಣಿಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ಮಜಲಿನಲ್ಲಿ ಎರಡು. ಬೆಟ್ಟಿನಲ್ಲಿ ಮಳೆಗಾಲದ ಒಂದೇ. ಈ ಮೂರೂ ನೆಲದ ಹೆಸರು. ಆದರೆ ಅವು ಹೇಳುವುದು ನೀರಿನ ಕಥೆ. ನೀರು ಎಷ್ಟು ತಿಂಗಳು ನಿಲ್ಲುತ್ತದೆ ಎಂಬುದರ ಮೇಲೆ ನೆಲಕ್ಕೆ ಹೆಸರು ಬಂತು. ನಮ್ಮ ಊರುಗಳ ಹೆಸರನ್ನೇ ನೋಡಿ, ಎಷ್ಟು ಬೈಲು, ಎಷ್ಟು ಮಜಲು, ಎಷ್ಟು ಪಳ್ಳ, ಎಷ್ಟು ಅಡ್ಕ!

ಭತ್ತ ಬಿಟ್ಟದ್ದಕ್ಕೆ ಅಪ್ಪನನ್ನು ನಾನು ದೂರುವುದಿಲ್ಲ. ನಾವು 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿದೆವು. 1970ರಲ್ಲಿ ಭೂಸುಧಾರಣೆ ಜಾರಿಗೆ ಬಂತು. ಗೇಣಿ ಹೋಯಿತು, ಒಕ್ಕಲುಗಳಿಗೆ ಭೂಮಿ ಸಿಕ್ಕಿತು. ಅದು ನ್ಯಾಯವಾದ ಕೆಲಸ, ಅದರಲ್ಲಿ ನನಗೆ ಸಂಶಯವೇ ಇಲ್ಲ. ಆದರೆ ತುಂಡು ತುಂಡು ಗದ್ದೆಗಳಲ್ಲಿ ಹೂಟೆಗೂ ನಾಟಿಗೂ ಜನ ಸಿಗುವುದು ಕಷ್ಟವಾಯಿತು. ಹುಡುಗರು ಗಲ್ಫಿಗೆ ಹೋದರು. 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಶುರುವಾಯಿತು. ಅಡಿಕೆಗೆ ಒಂದು ಭರವಸೆಯ ಮಾರುಕಟ್ಟೆ ಸಿಕ್ಕಿತು. ಭತ್ತಕ್ಕೆ ಅಂಥದ್ದೇನೂ ಇರಲಿಲ್ಲ. ಮಕ್ಕಳ ಫೀಸು ಕಟ್ಟಬೇಕಾದ ಮನುಷ್ಯ ಏನು ಮಾಡಬೇಕಿತ್ತು?

ಇಡೀ ಕೇರಳದಲ್ಲಿ ಆದದ್ದೂ ಇದೇ. 1974-75ರಲ್ಲಿ ರಾಜ್ಯದಲ್ಲಿ ಸುಮಾರು 8.8 ಲಕ್ಷ ಹೆಕ್ಟೇರ್ ಭತ್ತ ಇತ್ತು. ಈಗ ಅದು 2 ಲಕ್ಷ ಹೆಕ್ಟೇರಿನ ಆಸುಪಾಸು. ತೆಂಕಣದಲ್ಲಿ ತೆಂಗು, ಮರಗೆಣಸು, ರಬ್ಬರ್, ಮನೆ. ನಮ್ಮಲ್ಲಿ ಅಡಿಕೆ. ಪೂರ್ವದ ಗುಡ್ಡೆಗಳಲ್ಲಿ ರಬ್ಬರ್.

ಈಗ ನೀರಿಗೆ ಬರುತ್ತೇನೆ. ನಾನು ಇವತ್ತು ಬಂದದ್ದೇ ಇದನ್ನು ಹೇಳಲು.

ಭತ್ತದ ಗದ್ದೆಗೆ ನಾಲ್ಕು ಬದಿ ಹುಣಿ. ಮಳೆಗಾಲವಿಡೀ ನೀರು ಅದರಲ್ಲಿ ನಿಲ್ಲುತ್ತದೆ, ನಿಧಾನವಾಗಿ ಇಳಿಯುತ್ತದೆ. ಕೆಳಗಿನ ಮನೆಯ ಬಾವಿಗೆ ಆ ನೀರು ಹೋಗುತ್ತದೆ. ಕಂಗಿನ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಹಾಗಾಗಿ ಅಪ್ಪ ಮೊದಲು ಮಾಡಿದ ಕೆಲಸ ಹುಣಿ ಕಡಿದದ್ದು. ಎರಡನೆಯ ಕೆಲಸ, ಸಾಲುಗಳ ನಡುವೆ ಆಳವಾಗಿ ಕಣಿ ತೋಡಿದ್ದು. ಜೂನ್ ತಿಂಗಳ ಮಳೆ ಆ ಕಣಿಯಲ್ಲಿ ಬಿದ್ದು ಕೆಲವೇ ಗಂಟೆಯಲ್ಲಿ ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ.

ಬೇಸಿಗೆಯಲ್ಲಿ ಅದೇ ತೋಟ ನೀರು ಕೇಳುತ್ತದೆ. ಒಂಬತ್ತು ಅಡಿಗೆ ಒಂದರಂತೆ ನೆಟ್ಟರೆ ಎಕರೆಗೆ ಸುಮಾರು 550 ಮರ. ಸಾಂಪ್ರದಾಯಿಕವಾಗಿ ಬುಡಕ್ಕೆ ಬಿಡುವಾಗ ಮರಕ್ಕೆ 175 ಲೀಟರ್ ಎಂದು ಲೆಕ್ಕ. ಗುಣಿಸಿ ನೋಡಿ. ಒಂದು ಸುತ್ತಿಗೆ 96 ಸಾವಿರ ಲೀಟರ್. ಏಪ್ರಿಲ್‌ನಲ್ಲಿ ನಾಲ್ಕೈದು ದಿನಕ್ಕೊಮ್ಮೆ ಆ ಸುತ್ತು ಬರಬೇಕು. ಗದ್ದೆ ಮಳೆಗಾಲದಲ್ಲಿ ನೀರು ಕೊಡುತ್ತಿತ್ತು. ತೋಟ ಮಳೆಗಾಲದಲ್ಲಿ ನೀರು ಕಳೆದು, ಬೇಸಿಗೆಯಲ್ಲಿ ಕೇಳುತ್ತದೆ. ನೆಲ ಅದೇ, ಲೆಕ್ಕ ಪೂರ್ತಿ ತಿರುಗಿ ಹೋಯಿತು. ಸರ್ಕಾರದ ಒಂಬತ್ತು ಕಾಲಂಗಳಲ್ಲಿ ಇದನ್ನು ಬರೆಯಲು ಜಾಗವೇ ಇಲ್ಲ.

ನಮ್ಮ ಹಿಂದಿನವರೂ ಅಡಿಕೆ ಬೆಳೆದಿದ್ದರು. ಸುಮ್ನೆ ಬೆಳೆಯಲಿಲ್ಲ. ನೀರಿಗಾಗಿ ಮುರಕಲ್ಲಿನ ಗುಡ್ಡೆಗೆ ಸುರಂಗ ತೋಡಿದರು. ಮಳೆ ನಿಂತ ಮೇಲೆ ತೋಡಿಗೆ ಕಲ್ಲು, ಮಣ್ಣು ಹಾಕಿ ಕಟ್ಟ ಕಟ್ಟಿದರು. ಏತಡ್ಕದ ಕಡೆ ಆ ಕಟ್ಟಗಳನ್ನು ಉಳಿಸಿಕೊಂಡು ಬಂದವರಿದ್ದಾರೆ. ಒಬ್ಬರ ಕಟ್ಟದಿಂದ ಹತ್ತು ಮನೆಯ ಬಾವಿಗೆ ನೀರು. ಆ ತೋಟಗಳ ಕೆಳಗೆ ಬೈಲಿನಲ್ಲಿ ಗದ್ದೆ ಇತ್ತು, ಅದನ್ನೂ ಮರೆಯಬಾರದು. ಈಗ ಬೈಲೇ ತೋಟ. ಕಟ್ಟದ ಬದಲು ಕೊಳವೆಬಾವಿ.

ಹೋದ ಬೇಸಿಗೆಯಲ್ಲಿ ನಮ್ಮ ಬಾವಿ ಮಾರ್ಚ್‌ನಲ್ಲೇ ತಳ ಕಂಡಿತು. ಅಜ್ಜನ ಕಾಲದಲ್ಲಿ ಆ ಬಾವಿಯ ತಳ ನೋಡಿದವರಿಲ್ಲ. ನನಗೆ ಅವತ್ತು ನಿದ್ದೆ ಬರಲಿಲ್ಲ.

2008ರಲ್ಲಿ ಕೇರಳ ಗದ್ದೆ ಮತ್ತು ಜೌಗು ನೆಲ ಉಳಿಸುವ ಕಾನೂನು ತಂದಿತು. ವಿಲೇಜ್ ಆಫೀಸಿನ ರಿಜಿಸ್ಟರಿನಲ್ಲಿ ‘ನಿಲಂ’ (ಗದ್ದೆ) ಎಂದಿದೆಯೋ ‘ಪುರಯಿಡಂ’ (ಮನೆ, ಹಿತ್ತಿಲಿನ ನೆಲ) ಎಂದಿದೆಯೋ ಎಂದು ನಾವೆಲ್ಲ ಹುಡುಕಲು ಶುರುಮಾಡಿದ್ದು ಆಮೇಲೆ. ಮನೆ ಕಟ್ಟಲು ಮಣ್ಣು ತುಂಬುವುದಕ್ಕೆ ಅದು ತಡೆ ಹಾಕಿತು. ಬೇಕಾದ ಕಾನೂನು ಅದು. ಆದರೆ ನಮ್ಮ ಬೈಲುಗಳು ಅಷ್ಟರಲ್ಲಾಗಲೇ ಜಾಸ್ತಿ ತೋಟವಾಗಿದ್ದವು. 2020ರಲ್ಲಿ ಗದ್ದೆ ಉಳಿಸಿಕೊಂಡವರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ರಾಯಲ್ಟಿ ಶುರುವಾಯಿತು. ಗದ್ದೆ ನೀರು ಉಳಿಸುತ್ತದೆ, ಅದಕ್ಕೆ ಬೆಲೆ ಕೊಡಬೇಕು ಎಂದು ಒಪ್ಪಿದ್ದೇ ದೊಡ್ಡ ಸಂಗತಿ. ಆ ಮೊತ್ತ ಮಾತ್ರ ಏನೂ ಸಾಲುತ್ತಿರಲಿಲ್ಲ. ಒಬ್ಬ ಕೆಲಸದವರ ಎರಡು ಮೂರು ದಿನದ ಸಂಬಳ ಅಷ್ಟೆ.

ತೋಟ ಕಡಿದು ಮತ್ತೆ ಭತ್ತ ಬೆಳೆಯಿರಿ ಎಂದು ನಾನು ಯಾರಿಗೂ ಹೇಳಲಾರೆ. ನಾನೇ ಕಡಿದಿಲ್ಲ. ಕಳೆದ ಮಳೆಗಾಲಕ್ಕೆ ಒಂದು ಕೆಲಸ ಮಾಡಿದೆ. ಪಳ್ಳದ ಗದ್ದೆ ಇದ್ದ ಮೂಲೆಯಲ್ಲಿ ಹತ್ತಿಪ್ಪತ್ತು ಮರ ಹಳದಿ ರೋಗಕ್ಕೆ ಹೋಗಿದ್ದವು. ಅಲ್ಲಿ ಹೊಸ ಸಸಿ ನೆಡಲಿಲ್ಲ. ಕಣಿಯ ಬಾಯಿ ಮುಚ್ಚಿ ಹುಣಿ ಕಟ್ಟಿದೆ. ನೀರು ನಿಂತಿತು. ಅಜ್ಜ ಯಾಕೆ ಅದಕ್ಕೆ ಪಳ್ಳದ ಗದ್ದೆ ಎಂದರು ಎಂದು ಅವತ್ತು ಗೊತ್ತಾಯಿತು.

ನಿಮ್ಮ ಮನೆಯ ಗದ್ದೆಗಳಿಗೂ ಹೆಸರಿತ್ತು. ಅಲ್ಲಿ ನೀರು ಎಲ್ಲಿ ನಿಲ್ಲುತ್ತಿತ್ತು ಎಂದು ಆ ಹೆಸರೇ ಹೇಳುತ್ತದೆ. ಬಾಗಿಲ ಹತ್ತಿರದ ಮೇಜಿನ ಮೇಲೆ ಒಂದು ನೋಟ್‌ಪುಸ್ತಕ ಇಟ್ಟಿದ್ದೇನೆ. ಹೋಗುವಾಗ ಬರೆದು ಹೋಗಿ. ನೆನಪಿಲ್ಲದವರು ಮನೆಯ ಹಿರಿಯರನ್ನು ಕೇಳಿ ಬನ್ನಿ, ಬರುವ ಆದಿತ್ಯವಾರವೂ ಪುಸ್ತಕ ಇಲ್ಲೇ ಇರುತ್ತದೆ.